ಪಂಜರದ ಮಾತು: ಸಾಕುಗಿಳಿಯ ಸುಖದುಃಖದ ಚರಿತ್ರೆ

ಕನ್ನಡಿಗರ ಬಾಯಲ್ಲಿ ಗಿಳಿ ಬಾರದ ದಿನ ಕಡಿಮೆ. ಅರ್ಥ ತಿಳಿಯದೆ ಉರು ಹೊಡೆದರೆ ಅದು ಗಿಳಿಪಾಠ. ಮುದ್ದಾಗಿ ಮಾತಾಡುವ ಮಗು ಅರಗಿಣಿ. ಮೂಗು ಚೆನ್ನಾಗಿದ್ದರೆ ಗಿಳಿಮೂಗು. ರಸ್ತೆ ಬದಿಯಲ್ಲಿ ಕಾರ್ಡು ಎತ್ತಿಸಿ ಭವಿಷ್ಯ ಕೇಳಿದರೆ ಗಿಳಿಶಾಸ್ತ್ರ. ಫಲ ಸಿಗದ ಕಡೆ ಆಸೆಯಿಂದ ಕಾದು ಕುಳಿತವನನ್ನು ಬೂರುಗದ ಮರ ಕಾದ ಗಿಳಿಗೆ ಹೋಲಿಸುತ್ತೇವೆ. ಹೆಣ್ಣುಮಗಳನ್ನು ಒಳ್ಳೆಯ ಮನೆಗೆ ಕೊಡದಿದ್ದರೆ, ಗಿಳಿ ಸಾಕಿ ಗಿಡುಗನ ಕೈಗೆ ಕೊಟ್ಟರು ಎಂದು ನೆಂಟರು ಆಡಿಕೊಳ್ಳುತ್ತಾರೆ. ಇಷ್ಟೊಂದು ಬಳಕೆಯ ಹಕ್ಕಿ ನಮ್ಮಲ್ಲಿ ಇನ್ನೊಂದಿಲ್ಲ. ಕಾಗೆಯೊಂದು ಇದೆ, ಆದರೆ ಅದನ್ನು ಯಾರೂ ಸಾಕುವುದಿಲ್ಲ!

ಇಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಗಿಳಿ ಎಂದರೆ ಪೆಟ್ ಸ್ಟೋರಿನ ಗಾಜಿನ ಹಿಂದೆ ಕುಳಿತಿರುವ ಬಣ್ಣದ ಹಕ್ಕಿ. ನಮ್ಮ ಕೂಟದ ಕೆಲವು ಮನೆಗಳಲ್ಲಿ ಗಿಳಿಗಳಿವೆ. ಇನ್ನು ಕೆಲವು ಮನೆಗಳಲ್ಲಿ ಬೇಕೆಂಬ ಹಟ ನಡೆಯುತ್ತಿದೆ. ನಾನು ಡಾಕ್ಟರು ಎಂಬ ಕಾರಣಕ್ಕೆ, "ತಂದರೆ ಆರೋಗ್ಯಕ್ಕೆ ಏನಾದರೂ ತೊಂದರೆಯೇ?" ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಕೊಡಬಹುದು. ಆದರೆ ಗಿಳಿಯ ಆರೋಗ್ಯಕ್ಕೆ ನಮ್ಮಿಂದ ಏನಾದರೂ ತೊಂದರೆಯೇ ಎಂಬ ಪ್ರಶ್ನೆಯೂ ಜೊತೆಗಿದೆ. ಎರಡಕ್ಕೂ ಉತ್ತರ ಬೇಕಾದರೆ ಸುಮಾರು ಎರಡು ಸಾವಿರದ ನಾನೂರು ವರ್ಷಗಳ ಚರಿತ್ರೆಯನ್ನು ಸ್ವಲ್ಪ ತಿರುವಿ ಹಾಕಬೇಕಾಗುತ್ತದೆ.

ಪರ್ಷಿಯದ ಆಸ್ಥಾನವೈದ್ಯ

ಭಾರತದ ಗಿಳಿಯನ್ನು ಪಶ್ಚಿಮದ ಜನಕ್ಕೆ ಮೊದಲು ಪರಿಚಯ ಮಾಡಿಸಿದವನು ಒಬ್ಬ ವೈದ್ಯ ಎನ್ನುವುದು ನನ್ನಂಥವನಿಗೆ ಸಂತೋಷದ ಸಂಗತಿ. ಅವನ ಹೆಸರು ಕ್ಟೀಸಿಯಸ್. ಗ್ರೀಕರವನು, ಕ್ರಿ.ಪೂ. 400ರ ಆಸುಪಾಸಿನಲ್ಲಿ ಪರ್ಷಿಯದ ದೊರೆ ಎರಡನೇ ಅರ್ಟಝರ್ಕ್ಸೀಸನ ಆಸ್ಥಾನದಲ್ಲಿ ವೈದ್ಯನಾಗಿದ್ದ. ಅವನು ಭಾರತಕ್ಕೆ ಬಂದವನಲ್ಲ. ಬಂದುಹೋದ ವ್ಯಾಪಾರಿಗಳ ಮಾತು ಕೇಳಿ 'ಇಂಡಿಕಾ' ಎಂಬ ಪುಸ್ತಕ ಬರೆದ. ಅದರಲ್ಲಿ ನಂಬಲಾಗದ ಕಥೆಗಳು ಬೇಕಾದಷ್ಟಿವೆ. ಆದರೆ 'ಬಿಟ್ಟಕೋಸ್' ಎಂಬ ಹಕ್ಕಿಯ ವರ್ಣನೆ ಮಾತ್ರ ಕಣ್ಣಾರೆ ಕಂಡವನದು. ಕೆಂಪು ಛಾಯೆಯ ಮುಖ, ಕಪ್ಪು ಗಡ್ಡ. ಮನುಷ್ಯರ ದನಿಯಲ್ಲಿ ಭಾರತದ ಭಾಷೆ ಮಾತಾಡುತ್ತದೆ, ಗ್ರೀಕ್ ಕಲಿಸಿದರೆ ಗ್ರೀಕನ್ನೂ ಆಡುತ್ತದೆ ಎಂದು ಬರೆದಿದ್ದಾನೆ. ವಿದ್ವಾಂಸರು ಇದನ್ನು ನಮ್ಮ ಕೆಂಪುತಲೆಯ ಗಿಳಿ ಎಂದು ಗುರುತಿಸಿದ್ದಾರೆ. ಕರ್ನಾಟಕದ ಕುರುಚಲು ಕಾಡುಗಳಲ್ಲಿಯೂ ಕಾಣಸಿಗುವ ಹಕ್ಕಿ ಇದು. ಹೊರನಾಡಿಗೆ ಹೋಗಿ, ಅಲ್ಲಿನ ಭಾಷೆ ಕಲಿತು, ಊರಿನ ಭಾಷೆಯನ್ನೂ ಬಿಡದ ಮೊದಲ ಭಾರತೀಯ ಜೀವಿಗಳಲ್ಲಿ ಇದೂ ಒಂದು ಎನ್ನಬೇಕು.

ಆಮೇಲೆ ಅಲೆಗ್ಸಾಂಡರ್ ಬಂದ. ಕ್ರಿ.ಪೂ. 327-325ರ ಅವನ ದಂಡಯಾತ್ರೆಯ ನಂತರ ಭಾರತದ ಗಿಳಿಗಳು ಮೆಡಿಟರೇನಿಯನ್ ಕಡೆಗೆ ಹೆಚ್ಚಾಗಿ ಹೋದವು. ಭುಜದ ಮೇಲೆ ಕೆಂಪು ಪಟ್ಟೆಯಿರುವ ನಮ್ಮ ದೊಡ್ಡ ಗಿಳಿಗೆ ಇಂದಿಗೂ ಇಂಗ್ಲಿಷಿನಲ್ಲಿ ಅವನದೇ ಹೆಸರು. ರೋಮನ್ನರ ಕಾಲಕ್ಕೆ ಗಿಳಿ ಶ್ರೀಮಂತರ ಮನೆಯ ಅಲಂಕಾರವಾಯಿತು. ಕ್ರಿ.ಶ. 79ರಲ್ಲಿ ತೀರಿಕೊಂಡ ಪ್ಲಿನಿ ತನ್ನ ದೊಡ್ಡ ವಿಶ್ವಕೋಶದಲ್ಲಿ ಇದನ್ನು ವರ್ಣಿಸಿದ್ದಾನೆ: ಮೈಯೆಲ್ಲ ಹಸಿರು, ಕತ್ತಿನಲ್ಲಿ ಕೆಂಪು ಪಟ್ಟಿ, ಚಕ್ರವರ್ತಿಗಳಿಗೆ ನಮಸ್ಕಾರ ಹೇಳುತ್ತದೆ, ವೈನ್ ಕುಡಿದರೆ ಬಹಳ ಖುಷಿಯಾಗುತ್ತದೆ. ಮುಂದಿನ ಮಾತು ಓದಿದರೆ ಹೊಟ್ಟೆ ತೊಳಸುತ್ತದೆ. ಮಾತು ಕಲಿಸುವಾಗ ಅದರ ತಲೆಗೆ ಕಬ್ಬಿಣದ ಕಡ್ಡಿಯಿಂದ ಹೊಡೆಯಬೇಕಂತೆ, ಇಲ್ಲದಿದ್ದರೆ ಅದಕ್ಕೆ ಏಟು ತಿಳಿಯುವುದೇ ಇಲ್ಲವಂತೆ! ಅದೇ ರೋಮಿನಲ್ಲಿ ಕವಿ ಓವಿಡ್ ತನ್ನ ಪ್ರೇಯಸಿಯ ಗಿಳಿ ಸತ್ತಾಗ ಒಂದು ಶೋಕಗೀತೆ ಬರೆದ. ಪೂರ್ವದ ಭಾರತದಿಂದ ಬಂದ ಗಿಳಿ ಅದು. ಒಂದೇ ನಗರ. ಒಬ್ಬ ಕಬ್ಬಿಣದ ಕಡ್ಡಿಯ ಮಾತು ಬರೆದ, ಇನ್ನೊಬ್ಬ ಕಣ್ಣೀರಿನ ಹಾಡು ಬರೆದ. ಗಿಳಿ ಸಾಕುವ ಚರಿತ್ರೆಯೆಲ್ಲ ಈ ಎರಡರ ನಡುವೆಯೇ ನಡೆದಿದೆ.

ನಮ್ಮ ಮನೆಯ ಗಿಳಿಗಳು

ನಮ್ಮವರು ಕಡ್ಡಿ ಹಿಡಿದ ಹಾಗೆ ಕಾಣುವುದಿಲ್ಲ. ವಾತ್ಸ್ಯಾಯನನು ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗಿಳಿಗೂ ಸಾರಿಕೆಗೂ ಮಾತು ಕಲಿಸುವುದನ್ನು ಸೇರಿಸಿದ್ದಾನೆ. ಗಿಳಿ ಮನ್ಮಥನ ವಾಹನ. ಮಧುರೆಯ ಮೀನಾಕ್ಷಿಯ ಕೈಯಲ್ಲಿಯೂ ಗಿಳಿಯಿದೆ. ಶಂಕರರು ಮಂಡನಮಿಶ್ರರ ಮನೆ ಹುಡುಕುತ್ತ ಹೋದಾಗ, ವೇದಪ್ರಾಮಾಣ್ಯದ ಬಗ್ಗೆ ಪಂಜರದ ಗಿಳಿಗಳು ವಾದ ಮಾಡುತ್ತಿರುವ ಮನೆಯೇ ಅವರ ಮನೆ ಎಂದು ನೀರು ತರುವ ಹೆಂಗಸರು ಗುರುತು ಹೇಳಿದರೆಂಬ ಕಥೆ ಮಾಧವೀಯ ಶಂಕರವಿಜಯದಲ್ಲಿದೆ. ಆ ಮಂಡನಮಿಶ್ರರೇ ಸುರೇಶ್ವರಾಚಾರ್ಯರಾಗಿ ಶೃಂಗೇರಿಯ ಪೀಠವೇರಿದರೆಂದು ಸಂಪ್ರದಾಯ. ಎಪ್ಪತ್ತು ರಾತ್ರಿ ಎಪ್ಪತ್ತು ಕಥೆ ಹೇಳಿ ಮನೆಯೊಡತಿ ಹೊಸ್ತಿಲು ದಾಟದಂತೆ ತಡೆದ 'ಶುಕಸಪ್ತತಿ'ಯ ಗಿಳಿ ಪರ್ಷಿಯನ್ ಭಾಷೆಯಲ್ಲಿ 'ತೂತಿನಾಮಾ' ಆಯಿತು. ಅಕ್ಬರನ ಚಿತ್ರಕಾರರು ಬರೆದ ಅದರ ಹಸ್ತಪ್ರತಿ ಈಗ ಒಹಾಯೊದ ಕ್ಲೀವ್‌ಲ್ಯಾಂಡ್ ಕಲಾ ಮ್ಯೂಸಿಯಮ್ಮಿನಲ್ಲಿದೆ. ಆ ಕಡೆ ಹೋದವರು ವಿಚಾರಿಸಬಹುದು.

ಆದರೆ ಗಿಳಿಯ ದುಃಖವನ್ನು ಗಿಳಿಯ ಬಾಯಿಂದಲೇ ಹೇಳಿಸಿದವನು ಏಳನೆಯ ಶತಮಾನದ ಬಾಣಭಟ್ಟ. ಅವನ 'ಕಾದಂಬರಿ'ಯನ್ನು ಸುಮಾರು ಸಾವಿರ ವರ್ಷಗಳ ಹಿಂದೆ ನಾಗವರ್ಮ ಕನ್ನಡಕ್ಕೆ ತಂದ. ಕಾಲೇಜಿನಲ್ಲಿ ಕನ್ನಡ ಓದಿದವರಿಗೆ ನೆನಪಿರಬಹುದು. ಚಂಡಾಲ ಕನ್ಯೆಯೊಬ್ಬಳು ಶೂದ್ರಕ ರಾಜನ ಸಭೆಗೆ ಪಂಜರದಲ್ಲಿ ತರುವ ವೈಶಂಪಾಯನ ಎಂಬ ಗಿಳಿ ತನ್ನ ಕಥೆ ಹೇಳುತ್ತದೆ. ಪಂಪಾ ಸರೋವರದ ದಡದಲ್ಲಿ ಒಂದು ಹಳೆಯ ಬೂರುಗದ ಮರ. ಅದರ ಪೊಟರೆಗಳಲ್ಲಿ ಸಾವಿರಾರು ಗಿಳಿಗಳು. ಹೆರಿಗೆಯಲ್ಲಿಯೇ ತಾಯಿ ಸತ್ತಿದ್ದಾಳೆ. ಮುದಿ ತಂದೆ ಮರಿಯನ್ನು ಸಾಕುತ್ತಿದ್ದಾನೆ. ಬೇಟೆಯ ದಂಡು ಹಾದುಹೋದ ಮೇಲೆ ಹಿಂದೆ ಉಳಿದ ಒಬ್ಬ ಮುದಿ ಬೇಡ ಮರ ಹತ್ತುತ್ತಾನೆ. ಒಂದೊಂದೇ ಪೊಟರೆಗೆ ಕೈ ಹಾಕಿ, ಹಾರಲಾರದ ಮರಿಗಳನ್ನು ಹಣ್ಣು ಕಿತ್ತಂತೆ ಕಿತ್ತು, ಕೊಂದು, ಕೆಳಗೆ ಎಸೆಯುತ್ತಾನೆ. ತಂದೆ ರೆಕ್ಕೆಯಡಿ ಮರಿಯನ್ನು ಅಡಗಿಸಿಕೊಂಡು ಸಾಯುತ್ತದೆ. ಮರಿ ತರಗೆಲೆಯ ರಾಶಿಯ ಮೇಲೆ ಬಿದ್ದು ಬದುಕುತ್ತದೆ.

ಪೊಟರೆಯೊಳಗೆ ಕೈ ಹಾಕುವ ಆ ದೃಶ್ಯವನ್ನು ಬಾಣ ಕಾಡಿನಲ್ಲಿ ಕಂಡಿದ್ದನೋ ಏನೋ. ಇವತ್ತಿಗೂ ಹಕ್ಕಿ ಕಳ್ಳರು ಮಾಡುವುದು ಅದನ್ನೇ. ಒಂದೇ ವ್ಯತ್ಯಾಸವೆಂದರೆ ಮರಿಯನ್ನು ಕೊಲ್ಲದೆ ಬುಟ್ಟಿಗೆ ಹಾಕುತ್ತಾರೆ. ದಾರಿಯಲ್ಲಿ ಸಾಯುವವು ಸಾಯುತ್ತವೆ, ಉಳಿದವು ಮಾರಾಟವಾಗುತ್ತವೆ. ನಮ್ಮ ಪಂಜರದಲ್ಲಿ ಮುದ್ದು ಮಾತಾಡುವ ಪ್ರತಿಯೊಂದು ಕಾಡುಗಿಳಿಯ ಹಿಂದೆ ಒಂದು ಬೂರುಗದ ಮರ ಇದ್ದೇ ಇತ್ತು. ಪುರಂದರದಾಸರು ದೇಹ ಬಿಟ್ಟ ಜೀವವನ್ನು ಪಂಜರ ಬಿಟ್ಟ ಗಿಳಿಗೆ ಹೋಲಿಸಿ ಹಾಡಿದರು. ಹಾಡಿನಲ್ಲಿ ಪಂಜರ ಖಾಲಿಯಾದ ದುಃಖ ಮನೆಯವರದು. ಹಾರಿಹೋದ ಗಿಳಿಗೆ ದುಃಖವಿತ್ತೇ ಎಂದು ನಾವು ಕೇಳಿದ್ದು ಕಡಿಮೆ.

ಜೇಬಿನಲ್ಲಿ ಸಾವಿರ ಮೈಲಿ

ಈಗ ನಾವಿರುವ ಈ ಖಂಡಕ್ಕೆ ಬರೋಣ. 1493ರಲ್ಲಿ ಕೊಲಂಬಸ್ ಸ್ಪೇನಿಗೆ ಮರಳಿದಾಗ ಅವನ ಜೊತೆ ಗಿಳಿಗಳೂ ಇದ್ದವು. ಹಳೆಯ ಕೆಲವು ನಕ್ಷೆಗಳಲ್ಲಿ ಬ್ರೆಜಿಲಿಗೆ ಗಿಳಿಗಳ ನಾಡು ಎಂದೇ ಹೆಸರು. 1800ರಲ್ಲಿ ಜರ್ಮನಿಯ ಹಂಬೋಲ್ಟ್ ದಕ್ಷಿಣ ಅಮೆರಿಕದ ಒರಿನೋಕೊ ನದಿಯ ದಂಡೆಯಲ್ಲಿ ಸಂಚರಿಸುವಾಗ ಮೈಪುರೇಸ್ ಎಂಬಲ್ಲಿ ಒಂದು ಮುದಿ ಗಿಳಿಯ ವಿಷಯ ಕೇಳಿ ಬರೆದಿದ್ದಾನೆ. ಅದರ ಮಾತು ಊರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಆಡುತ್ತಿದ್ದದ್ದು ನಶಿಸಿಹೋದ ಅಟೂರೆಸ್ ಜನರ ಭಾಷೆ ಎಂದು ಸ್ಥಳೀಯರು ಹೇಳಿದರಂತೆ. ಆಡುವ ಮನುಷ್ಯರೆಲ್ಲ ಹೋದ ಮೇಲೆ ಒಂದು ಭಾಷೆಯ ಕೊನೆಯ ನಾಲ್ಕು ಮಾತು ಹಕ್ಕಿಯ ಕೊಕ್ಕಿನಲ್ಲಿ ಉಳಿಯಿತು. ಹೊರನಾಡಿನಲ್ಲಿ ಕುಳಿತು ಕನ್ನಡ ಪತ್ರಿಕೆ ಜೆರಾಕ್ಸ್ ಮಾಡಿ ಹಂಚುವ ನಮಗೆ ಈ ಕಥೆ ಸ್ವಲ್ಪ ಹೆಚ್ಚಾಗಿಯೇ ತಾಕುತ್ತದೆ. ಹಕ್ಕಿ ಶಬ್ದವನ್ನು ಉಳಿಸುತ್ತದೆ, ಭಾಷೆಯನ್ನಲ್ಲ. ಭಾಷೆಗೆ ಕೇಳುವವನೂ ಬೇಕು, ಮರುಮಾತು ಆಡುವವನೂ ಬೇಕು.

ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತನ್ನದೇ ಆದ ಒಂದು ಗಿಳಿಯಿತ್ತು: ಕ್ಯಾರೊಲೈನಾ ಗಿಳಿ. ಹಸಿರು ಮೈ, ಹಳದಿ ತಲೆ, ಕೊಕ್ಕಿನ ಸುತ್ತ ಕಿತ್ತಳೆ ಬಣ್ಣ. 1810ರಲ್ಲಿ ಪಕ್ಷಿತಜ್ಞ ಅಲೆಗ್ಸಾಂಡರ್ ವಿಲ್ಸನ್ ಕೆಂಟಕಿಯ ಬಿಗ್ ಬೋನ್ ಲಿಕ್ ಎಂಬಲ್ಲಿ ಇವುಗಳ ಹಿಂಡಿಗೆ ಗುಂಡು ಹಾರಿಸಿದ. ಆ ಕಾಲದ ಪಕ್ಷಿಶಾಸ್ತ್ರ ಬಂದೂಕಿನ ಶಾಸ್ತ್ರ. ಸ್ವಲ್ಪವೇ ಗಾಯವಾದ ಒಂದನ್ನು ಇಟ್ಟುಕೊಂಡು 'ಪೋಲ್' ಎಂದು ಹೆಸರಿಟ್ಟು, ರೇಷ್ಮೆ ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡು ಸಾವಿರ ಮೈಲಿಗೂ ಹೆಚ್ಚು ದೂರ ಪ್ರಯಾಣ ಮಾಡಿದ. ನ್ಯಾಚೆಜ್ ಬಳಿ ಪಂಜರವನ್ನು ಜಗಲಿಯಲ್ಲಿ ತೂಗುಹಾಕಿದಾಗ ಹಾದುಹೋಗುವ ಹಿಂಡುಗಳು ಅದರ ಕೂಗು ಕೇಳಿ ಸುತ್ತಲಿನ ಮರಗಳಿಗೆ ಇಳಿದು ಅದರೊಡನೆ ಮಾತಾಡುತ್ತಿದ್ದವಂತೆ. ವಿಲ್ಸನ್ ಅದಕ್ಕೆ ಒಂದು ಜೊತೆಗಾತಿಯನ್ನು ಹಿಡಿದು ತಂದ. ಎರಡೂ ಒಂದಕ್ಕೊಂದು ತಲೆ ತುರಿಸಿಕೊಂಡು ಒತ್ತಿಕೊಂಡು ಮಲಗುತ್ತಿದ್ದವು. ಸ್ವಲ್ಪ ದಿನದಲ್ಲಿ ಜೊತೆಗಾತಿ ಸತ್ತಿತು. ಪೋಲ್ ಹಲವು ದಿನ ಚಡಪಡಿಸಿತು. ನ್ಯೂ ಆರ್ಲಿಯನ್ಸಿಗೆ ಬಂದ ಮೇಲೆ ವಿಲ್ಸನ್ ಅದರ ಪಕ್ಕದಲ್ಲಿ ಒಂದು ಕನ್ನಡಿ ಇಟ್ಟ. ತಕ್ಷಣ ಅದು ಸಮಾಧಾನಗೊಂಡಿತು. ಕನ್ನಡಿಯೊಳಗಿನ ಬಿಂಬಕ್ಕೆ ತಲೆಯೊರಗಿಸಿ ಕೂರುತ್ತಿತ್ತು. ಕೊನೆಗೆ ಹಡಗಿನಲ್ಲಿ ಊರಿಗೆ ಮರಳುವಾಗ, ಒಂದು ಬೆಳಗ್ಗೆ ವಿಲ್ಸನ್ ಏಳುವ ಮೊದಲೇ ಅದು ಪಂಜರ ಬಿಡಿಸಿಕೊಂಡು ಹಾರಿ ಮೆಕ್ಸಿಕೊ ಕೊಲ್ಲಿಯಲ್ಲಿ ಮುಳುಗಿ ಸತ್ತಿತು.

ಗಿಳಿಗಳ ಬಗ್ಗೆ ಬರೆದ ಎಷ್ಟೋ ಪುಸ್ತಕಗಳಿಗಿಂತ ಆ ಕನ್ನಡಿಯೊಂದು ಹೆಚ್ಚು ಹೇಳುತ್ತದೆ. ಇಂದಿಗೂ ಅಂಗಡಿಗಳಲ್ಲಿ ಪಂಜರದೊಳಗೆ ತೂಗುಹಾಕುವ ಪುಟ್ಟ ಕನ್ನಡಿ ಮಾರುತ್ತಾರೆ. ಅದು ಆಟಿಕೆಯೆಂದು ನಾವು ತಿಳಿದಿದ್ದೇವೆ.

ವಿಲ್ಸನ್ ಇನ್ನೊಂದು ವಿಷಯವನ್ನೂ ದಾಖಲಿಸಿದ್ದಾನೆ. ಹಿಂಡಿನ ಕೆಲವು ಗಿಳಿಗಳು ಗುಂಡಿಗೆ ಬಿದ್ದರೆ ಉಳಿದವು ಓಡಿಹೋಗುತ್ತಿರಲಿಲ್ಲ. ಸತ್ತವುಗಳ ಮೇಲೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿದ್ದವು. ಹಣ್ಣಿನ ತೋಟ ಹಾಳು ಮಾಡುತ್ತವೆಂದು ಸಿಟ್ಟಾದ ರೈತರಿಗೆ ಇದರಿಂದ ಬಹಳ ಅನುಕೂಲವಾಯಿತು. ಕಾಡೂ ಕಡಿದುಹೋಯಿತು, ಟೋಪಿಗೆ ಗರಿಯೂ ಬೇಕಾಯಿತು. ಕೊನೆಗೆ ಸಿನ್ಸಿನಾಟಿ ಮೃಗಾಲಯದಲ್ಲಿ ಒಂದು ಜೋಡಿ ಉಳಿಯಿತು. ಹೆಣ್ಣು 'ಲೇಡಿ ಜೇನ್' 1917ರಲ್ಲಿ ಸತ್ತಿತು. ಗಂಡು 'ಇಂಕಾಸ್' 1918ರ ಫೆಬ್ರುವರಿ 21ರಂದು. ಅಲ್ಲಿಗೆ ಆ ಕುಲವೇ ಮುಗಿಯಿತು.

1930ರ ಗಿಳಿಜ್ವರ

ಈಗ ನನ್ನ ಕಸುಬಿನ ವಿಷಯ. 1879ರಲ್ಲಿ ಸ್ವಿಟ್ಜರ್ಲೆಂಡಿನ ಉಸ್ಟರ್ ಎಂಬ ಊರಿನಲ್ಲಿ ಡಾಕ್ಟರ್ ರಿಟರ್ ಒಂದೇ ಮನೆಯಲ್ಲಿ ಏಳು ಜನರಿಗೆ ವಿಚಿತ್ರವಾದ ನ್ಯುಮೋನಿಯ ಬಂದದ್ದನ್ನು ವರದಿ ಮಾಡಿದ; ಮೂವರು ಸತ್ತರು. ಮನೆಯಲ್ಲಿ ಹೊರದೇಶದಿಂದ ತರಿಸಿದ ಹಕ್ಕಿಗಳಿದ್ದವು. 1892ರಲ್ಲಿ ಬ್ಯೂನಸ್ ಐರಿಸ್‌ನಿಂದ ಪ್ಯಾರಿಸ್ಸಿಗೆ ಬಂದ ಗಿಳಿಗಳಿಂದ ಇದೇ ರೋಗ ಹಬ್ಬಿತು. 1895ರಲ್ಲಿ ಗಿಳಿಯ ಗ್ರೀಕ್ ಹೆಸರಿನಿಂದಲೇ ರೋಗಕ್ಕೆ ಸಿಟಕೋಸಿಸ್ ಎಂದು ಹೆಸರಿಟ್ಟರು. ಅಂದರೆ ಕ್ಟೀಸಿಯಸ್ ಕೇಳಿ ಬರೆದುಕೊಂಡ ಶಬ್ದದ ಬಳಗವೇ ಎರಡು ಸಾವಿರ ವರ್ಷದ ಮೇಲೆ ನಮ್ಮ ವೈದ್ಯಕೀಯ ಪುಸ್ತಕ ಸೇರಿತು.

1929ರ ಕೊನೆಗೆ ಅರ್ಜೆಂಟೀನಾದಲ್ಲಿ ರೋಗ ಮತ್ತೆ ಕಾಣಿಸಿತು. ಅಷ್ಟರಲ್ಲಿ ಅಮೆರಿಕದಲ್ಲಿ ಕ್ರಿಸ್‌ಮಸ್ ಹತ್ತಿರವಾಗಿತ್ತು. ಮೇರಿಲ್ಯಾಂಡಿನ ಅನ್ನಾಪೊಲಿಸ್‌ನಲ್ಲಿ ಒಬ್ಬರು ಹೆಂಡತಿಗೆ ಉಡುಗೊರೆ ಎಂದು ಬಾಲ್ಟಿಮೋರಿನಿಂದ ಒಂದು ಗಿಳಿ ತಂದರು. ಹಬ್ಬದ ಹೊತ್ತಿಗೆ ಅದರ ಗರಿ ಕೆದರಿ ಮಂಕಾಯಿತು, ಸತ್ತಿತು. ಹೊಸ ವರ್ಷಕ್ಕೆ ಆಕೆ, ಮಗಳು, ಅಳಿಯ ಮೂವರೂ ಜ್ವರದಿಂದ ಮಲಗಿದರು. ಚಿಕಿತ್ಸೆ ಮಾಡುತ್ತಿದ್ದ ಡಾಕ್ಟರಿಗೆ ರೋಗ ಯಾವುದೆಂದು ಹೊಳೆಯಲಿಲ್ಲ. ಹೊಳೆದದ್ದು ಅವರ ಹೆಂಡತಿಗೆ! ಅರ್ಜೆಂಟೀನಾದ ಗಿಳಿಜ್ವರದ ಸುದ್ದಿಯನ್ನು ಆಕೆ ಪತ್ರಿಕೆಯಲ್ಲಿ ಓದಿದ್ದರು. (ಡಾಕ್ಟರುಗಳ ಮನೆಯಲ್ಲಿ ಸರಿಯಾದ ಡಯಾಗ್ನೋಸಿಸ್ ಎಲ್ಲಿಂದ ಬರುತ್ತದೆ ಎಂಬುದು ನಮ್ಮ ಕೂಟದ ವೈದ್ಯಪತ್ನಿಯರಿಗೆ ಚೆನ್ನಾಗಿ ಗೊತ್ತು.) ವಾಷಿಂಗ್ಟನ್ನಿಗೆ ತಂತಿ ಹೋಯಿತು.

ಸರ್ಕಾರದ ಹೈಜೀನಿಕ್ ಲ್ಯಾಬೊರೇಟರಿಯಲ್ಲಿ ಡಾಕ್ಟರ್ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಸಹಾಯಕ ಹೆನ್ರಿ ಆಂಡರ್ಸನ್ ರೋಗಿಷ್ಠ ಗಿಳಿಗಳನ್ನು ನೆಲಮಾಳಿಗೆಯಲ್ಲಿ ಇಟ್ಟುಕೊಂಡು ಕೆಲಸಕ್ಕೆ ಕುಳಿತರು. ಜನವರಿ 24ರಂದು ಅಧ್ಯಕ್ಷ ಹೂವರ್ ಗಿಳಿಗಳ ಆಮದು ತಡೆಯುವ ಆಜ್ಞೆ ಹೊರಡಿಸಿದರು. ಫೆಬ್ರುವರಿ 8ರಂದು ಆಂಡರ್ಸನ್ ಅದೇ ರೋಗದಿಂದ ತೀರಿಕೊಂಡರು. ಆರ್ಮ್‌ಸ್ಟ್ರಾಂಗ್ ಕೂಡ ಮಲಗಿದರು. ರೋಗದಿಂದ ಚೇತರಿಸಿಕೊಂಡವರ ಸೀರಮ್ ಕೊಟ್ಟು ಅವರನ್ನು ಉಳಿಸಿಕೊಂಡರು. ಗಿಳಿಗಳ ಹತ್ತಿರ ಸುಳಿಯದಿದ್ದ, ಅದೇ ಕಟ್ಟಡದ ಬೇರೆ ಕೋಣೆಯವರೂ ಕಾಯಿಲೆ ಬಿದ್ದರು. ಕೊನೆಗೆ ನಿರ್ದೇಶಕ ಡಾಕ್ಟರ್ ಜಾರ್ಜ್ ಮೆಕಾಯ್ ಮಾರ್ಚಿ ತಿಂಗಳಲ್ಲಿ ತಾವೊಬ್ಬರೇ ಕೆಳಗಿಳಿದು, ಉಳಿದ ಹಕ್ಕಿಗಳನ್ನೂ ಪ್ರಯೋಗದ ಪ್ರಾಣಿಗಳನ್ನೂ ಕ್ಲೋರೋಫಾರಂ ಕೊಟ್ಟು ಕೊಂದು ಸುಟ್ಟು, ಕಟ್ಟಡಕ್ಕೆ ವಿಷದ ಹೊಗೆ ಹಾಕಿಸಿದರು. ಆ ಲ್ಯಾಬೊರೇಟರಿಯೇ ಅದೇ ವರ್ಷ ಮೇ ತಿಂಗಳಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಹೆಲ್ತ್ ಎಂಬ ಹೆಸರು ಪಡೆಯಿತು. ನಮ್ಮವರೆಷ್ಟೋ ಜನ ಸಂಶೋಧನೆ ಮಾಡಿದ ಸಂಸ್ಥೆ ಅದು.

ಅಮೆರಿಕದಲ್ಲಿ ಆಗ ದಾಖಲಾದದ್ದು 169 ರೋಗಿಗಳು, 33 ಸಾವು. ಇನ್‌ಫ್ಲುಯೆಂಜಾದ ಮುಂದೆ ಇದು ಚಿಕ್ಕ ಸಂಖ್ಯೆ. ಆದರೆ ಭೀತಿ ದೊಡ್ಡದಾಯಿತು. ವರ್ಷಗಟ್ಟಲೆ ಸಾಕಿದ, ಯಾವ ರೋಗವೂ ಇಲ್ಲದ ಗಿಳಿಗಳನ್ನು ಜನ ಬೀದಿಗೆ ಬಿಟ್ಟರು. ನಿನ್ನೆಯವರೆಗೆ ಮನೆಯ ಮಗುವಾಗಿದ್ದದ್ದು ಇವತ್ತು ರೋಗದ ಮೂಟೆ. ಅದೇ 1930ರಲ್ಲಿ ಕರಾವಳಿಯ ಮಂಜೇಶ್ವರದಲ್ಲಿದ್ದ ಗೋವಿಂದ ಪೈಗಳ ಮೊದಲ ಕವನಸಂಗ್ರಹ ಹೊರಬಂತು. ಅದರ ಹೆಸರು 'ಗಿಳಿವಿಂಡು'. ಒಂದು ಕಡೆ ಗಿಳಿಯ ಹೆಸರು ಕೇಳಿದರೆ ಬಾಗಿಲು ಹಾಕುತ್ತಿದ್ದರು, ಇನ್ನೊಂದು ಕಡೆ ಕಾವ್ಯಕ್ಕೆ ಆ ಹೆಸರಿಡುತ್ತಿದ್ದರು.

ರೋಗಾಣುವನ್ನು 1930ರಲ್ಲಿಯೇ ಬರ್ಲಿನ್, ಲಂಡನ್, ವಾಷಿಂಗ್ಟನ್ ಮೂರೂ ಕಡೆ ಬೇರೆ ಬೇರೆಯಾಗಿ ಕಂಡರು. ಆದರೆ ನನಗೆ ಬಹಳ ಮುಖ್ಯವಾಗಿ ಕಾಣುವುದು ಆಸ್ಟ್ರೇಲಿಯದ ಮೆಕ್‌ಫರ್ಲೇನ್ ಬರ್ನೆಟ್ ಆ ದಶಕದಲ್ಲಿ ಕಂಡುಹಿಡಿದದ್ದು (ಮುಂದೆ 1960ರಲ್ಲಿ ಬೇರೆ ಕೆಲಸಕ್ಕೆ ನೊಬೆಲ್ ಪಡೆದವರು ಇವರು). ಕಾಡಿನ ಗಿಳಿಗಳ ಮೈಯಲ್ಲಿಯೂ ಈ ಸೂಕ್ಷ್ಮಜೀವಿ ಇರುತ್ತದೆ. ಅಲ್ಲಿ ಅದು ಹೆಚ್ಚಿನಂಶ ತಣ್ಣಗೆ ಮಲಗಿರುತ್ತದೆ. ಹಕ್ಕಿಯನ್ನು ಹಿಡಿದು, ಕಿಕ್ಕಿರಿದ ಪೆಟ್ಟಿಗೆಯಲ್ಲಿ ತುಂಬಿ, ಹೆದರಿಸಿ, ಸರಿಯಾದ ಆಹಾರವಿಲ್ಲದೆ ಸಾಗಿಸಿದಾಗ ರೋಗ ಕೆರಳುತ್ತದೆ, ಹಿಕ್ಕೆಯಲ್ಲಿ ಹೊರಬೀಳುತ್ತದೆ, ಒಣಗಿ ಧೂಳಾಗಿ ಮನುಷ್ಯನ ಶ್ವಾಸಕೋಶ ಸೇರುತ್ತದೆ. ಅಂದರೆ ಗಿಳಿಜ್ವರಕ್ಕೆ ರೋಗಾಣು ಎಷ್ಟು ಕಾರಣವೋ ಪಂಜರವೂ ಅಷ್ಟೇ ಕಾರಣ. ಬೂರುಗದ ಮರದ ಬೇಡನ ಶಾಪ ತಿರುಗಿ ಬಂದ ಹಾಗೆ.

ಮದ್ದು ಮತ್ತು ಮಾರುಕಟ್ಟೆ

ಮದ್ದು ಬಂದದ್ದು 1948ರಲ್ಲಿ: ಆರಿಯೋಮೈಸಿನ್, ಟೆಟ್ರಾಸೈಕ್ಲಿನ್ ಬಳಗದ ಮೊದಲನೆಯದು. ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಅದನ್ನು ಕಂಡುಹಿಡಿದವರು ಲೆಡರ್ಲೆ ಕಂಪನಿಯಲ್ಲಿದ್ದ ಬೆಂಜಮಿನ್ ಡಗ್ಗರ್. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಭೀಮವರಂನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯ ಓದಿ, ಬಾಸ್ಟನ್ನಿಗೆ ಬಂದು ಆಸ್ಪತ್ರೆಯಲ್ಲಿ ಚಾಕರಿ ಮಾಡಿ ಮೇಲೆ ಬಂದ ಯಲ್ಲಾಪ್ರಗಡ ಸುಬ್ಬರಾವ್. ಔಷಧ ಬಳಕೆಗೆ ಬಂದ ವರ್ಷವೇ ಅವರು ತೀರಿಕೊಂಡರು. ನೂರಕ್ಕೆ ಹದಿನೈದು ಇಪ್ಪತ್ತು ಜನರನ್ನು ಕೊಲ್ಲುತ್ತಿದ್ದ ರೋಗದಲ್ಲಿ ಈಗ ಸರಿಯಾದ ಔಷಧ ಸಮಯಕ್ಕೆ ಸಿಕ್ಕರೆ ಸಾವು ತೀರ ಅಪರೂಪ.

ಮದ್ದು ಸಿಕ್ಕಿತು, ಧೈರ್ಯವೂ ಬಂತು, ವ್ಯಾಪಾರ ಹೆಚ್ಚಿತು. ಜೆಟ್ ವಿಮಾನಗಳಲ್ಲಿ ಲಕ್ಷಗಟ್ಟಲೆ ಗಿಳಿಗಳು ಬಂದವು. 1971ರಿಂದ 1973ರವರೆಗೆ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ, ಆಮದಾದ ಸಾಕುಹಕ್ಕಿಗಳ ಜೊತೆ ಬಂದ ನ್ಯೂಕ್ಯಾಸಲ್ ರೋಗ ಕೋಳಿಗಳಿಗೆ ಹಬ್ಬಿ, ಸುಮಾರು 1 ಕೋಟಿ 20 ಲಕ್ಷ ಕೋಳಿಗಳನ್ನು ಕೊಲ್ಲಬೇಕಾಯಿತು. ನಂತರ ಕ್ವಾರಂಟೈನ್ ಬಿಗಿಯಾಯಿತು. 1975ರಲ್ಲಿ ಸೈಟ್ಸ್ ಒಪ್ಪಂದ ಜಾರಿಗೆ ಬಂತು. ಭಾರತ 1972ರ ವನ್ಯಜೀವಿ ಕಾಯ್ದೆ ಮಾಡಿ, 1990-91ರಲ್ಲಿ ದೇಶದ ಹಕ್ಕಿಗಳ ಮಾರಾಟವನ್ನೇ ನಿಲ್ಲಿಸಿತು. 1992ರಲ್ಲಿ ಅಮೆರಿಕ ಕಾಡುಹಕ್ಕಿಗಳ ಆಮದಿಗೆ ಕಡಿವಾಣ ಹಾಕಿತು. 2005ರಲ್ಲಿ ಬ್ರಿಟನ್ನಿನ ಕ್ವಾರಂಟೈನಿನಲ್ಲಿ ಸತ್ತ ಗಿಳಿಯೊಂದರಲ್ಲಿ ಹಕ್ಕಿಜ್ವರ ಸಿಕ್ಕಿ, ಯುರೋಪು ಆಮದು ತಡೆಯಿತು. 2007ರಲ್ಲಿ ಅದು ಕಾಯಂ ಆಯಿತು. 2016ರಲ್ಲಿ ಆಫ್ರಿಕದ ಬೂದು ಗಿಳಿಗೆ ಸೈಟ್ಸ್ ಅತಿ ಹೆಚ್ಚಿನ ರಕ್ಷಣೆ ಕೊಟ್ಟಿತು. ಊರಿಗೆ ಹೋದಾಗ ಮಕ್ಕಳಿಗೆಂದು ಗಿಳಿಮರಿ ಕೊಡಿಸುವ ಉತ್ಸಾಹಿ ಬಂಧುಗಳಿಗೆ ಇದನ್ನು ತಿಳಿಸಿ: ನಮ್ಮ ದೇಶದ ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ.

ಪಂಜರದ ಪರವಾಗಿ ಹೇಳುವ ಮಾತೂ ಒಂದಿದೆ. ಬ್ರೆಜಿಲಿನ ಸ್ಪಿಕ್ಸ್ ಮಕಾವ್ ಎಂಬ ನೀಲಿ ಗಿಳಿಯ ಕೊನೆಯ ಕಾಡುಹಕ್ಕಿ 2000ದಲ್ಲಿ ಕಣ್ಮರೆಯಾಯಿತು. ಸಂಗ್ರಹಕಾರರ ಪಂಜರಗಳಲ್ಲಿ ಉಳಿದವುಗಳ ಸಂತಾನವನ್ನು 2020ರಲ್ಲಿ ಜರ್ಮನಿಯಿಂದ ತಂದು, 2022ರಲ್ಲಿ ಕೆಲವನ್ನು ಹಳೆಯ ಕಾಡಿಗೆ ಬಿಟ್ಟರು. ಕುಲ ಹಾಳು ಮಾಡಿದವರಲ್ಲಿ ಹಕ್ಕಿ ಹಿಡಿಯುವವರೂ ಸೇರಿದ್ದರು. ಕುಲ ಉಳಿದದ್ದೂ ಹಿಡಿದ ಹಕ್ಕಿಗಳಿಂದಲೇ.

ಯಾಕೆ ಮಾತಾಡುತ್ತದೆ?

ಸುಖದ ವಿಷಯಕ್ಕೆ ಬರೋಣ. 1977ರಲ್ಲಿ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ ಚಿಕಾಗೋ ಕಡೆಯ ಒಂದು ಅಂಗಡಿಯಲ್ಲಿ ಒಂದು ವರ್ಷದ ಬೂದು ಗಿಳಿಯನ್ನು ಕೊಂಡು ಅಲೆಕ್ಸ್ ಎಂದು ಹೆಸರಿಟ್ಟರು. ಮೂವತ್ತು ವರ್ಷದ ಪಾಠದಲ್ಲಿ ಅದು ನೂರಕ್ಕೂ ಹೆಚ್ಚು ಶಬ್ದ ಕಲಿಯಿತು, ಬಣ್ಣ, ಆಕಾರ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು, ಬೇಡವಾದದ್ದಕ್ಕೆ ಬೇಡ ಎನ್ನುತ್ತಿತ್ತು. ಅಲ್ಲಿಗೆ 'ಗಿಳಿಪಾಠ' ಎಂಬ ಬೈಗುಳ ಅರ್ಧ ಸುಳ್ಳಾಯಿತು. 2007ರ ಸೆಪ್ಟೆಂಬರ್ 6ರಂದು ಅಲೆಕ್ಸ್ ಪಂಜರದಲ್ಲಿ ಸತ್ತು ಸಿಕ್ಕಿತು. ಹಿಂದಿನ ಸಂಜೆ ದಿನದಂತೆಯೇ, ನಾಳೆ ಸಿಗೋಣ, ನಿನ್ನ ಮೇಲೆ ಪ್ರೀತಿಯಿದೆ ಎಂಬ ಅರ್ಥದ ಮಾತಾಡಿ ಬೀಳ್ಕೊಟ್ಟಿತ್ತಂತೆ.

ಕಾಡಿನಲ್ಲಿ ಗಿಳಿ ಮನುಷ್ಯರ ಮಾತಾಡುವುದಿಲ್ಲ. ಅಲ್ಲಿ ಅದಕ್ಕೆ ಅದರದೇ ಮಾತುಂಟು. ವೆನೆಜುವೆಲಾದ ಪುಟ್ಟ ಗಿಳಿಗಳಲ್ಲಿ ತಂದೆತಾಯಿ ಪ್ರತಿ ಮರಿಗೂ ಬೇರೆ ಬೇರೆ ಕೂಗು ಕಲಿಸುತ್ತವೆ, ಅಂದರೆ ಹೆಸರಿಡುತ್ತವೆ ಎಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಿಂಡಿನವರ ದನಿಯನ್ನು ಕಲಿತು ಆಡುವುದೇ ಗಿಳಿಗೆ ಹಿಂಡಿನಲ್ಲಿ ಸೇರಿದ್ದಕ್ಕೆ ಗುರುತು. ಹಿಂಡಿನಿಂದ ಬೇರೆಯಾಗಿ ನಮ್ಮ ಮನೆಗೆ ಬಂದ ಗಿಳಿ ಅಕ್ಕಪಕ್ಕ ನೋಡುತ್ತದೆ. ಇರುವವರು ನಾವೇ. ಇನ್ನು ಇವರೇ ನನ್ನವರು ಎಂದುಕೊಂಡು ನಮ್ಮ ಮಾತು ಕಲಿಯುತ್ತದೆ. ಅದರ ಬಾಯಲ್ಲಿ "ರಾಮ ರಾಮ" ಕೇಳಿ ನಾವು ಹಿಗ್ಗುತ್ತೇವೆ. ಆ ಹಿಗ್ಗೂ ನಿಜ, ಅದರ ಹಿಂದಿನ ಒಂಟಿತನವೂ ನಿಜ. ಎರಡೂ ಒಂದೇ ಬೇರಿನವು.

ಹಾಗಾಗಿ ದುಃಖವೂ ಅಲ್ಲಿಂದಲೇ ಶುರು. ಬೆಳಗ್ಗೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋಗಿ ಮನೆ ಖಾಲಿಯಾದರೆ, ಗಿಳಿಯ ಲೆಕ್ಕದಲ್ಲಿ ಹಿಂಡು ಹಾರಿಹೋಯಿತು. ದಿನವೂ ಹೀಗಾದರೆ ಕೆಲವು ಕಿರುಚುತ್ತವೆ, ಕೆಲವು ಕಚ್ಚುತ್ತವೆ, ಕೆಲವು ತಮ್ಮ ಗರಿಗಳನ್ನು ತಾವೇ ಕಿತ್ತುಕೊಂಡು ಎದೆ ಬೋಳಾಗಿ ಕೂರುತ್ತವೆ. ಬೂದು ಗಿಳಿ ನಲವತ್ತು ಐವತ್ತು ವರ್ಷ ಬದುಕಬಲ್ಲದು. ದೊಡ್ಡ ಮಕಾವ್ ಇನ್ನೂ ಹೆಚ್ಚು. ನಾಯಿ ಸತ್ತು ನಮ್ಮನ್ನು ಅಳಿಸುತ್ತದೆ. ಗಿಳಿಯ ವಿಷಯದಲ್ಲಿ ನಾವು ಸತ್ತು ಅದನ್ನು ಅಳಿಸುವ ಸಂಭವವೇ ಹೆಚ್ಚು. ಮಕ್ಕಳು ಕಾಲೇಜಿಗೆ ಹೋದ ಮೇಲೆ, ಮನೆ ಬದಲಿಸಿದ ಮೇಲೆ, ಯಜಮಾನರು ನರ್ಸಿಂಗ್ ಹೋಮ್ ಸೇರಿದ ಮೇಲೆ ಬೇಡವಾದ ಗಿಳಿಗಳಿಗಾಗಿಯೇ ಈ ದೇಶದಲ್ಲಿ ಅನಾಥಾಲಯಗಳಿವೆ.

ತರುವ ಮೊದಲು

ಮೊದಲ ಪ್ರಶ್ನೆಗೆ ಡಾಕ್ಟರನ ಉತ್ತರ ಹೀಗೆ. ಆರೋಗ್ಯವಂತ ಗಿಳಿಯಿಂದ ಆರೋಗ್ಯವಂತ ಮನೆಗೆ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. 2024ರ ಆರಂಭದಲ್ಲಿಯೂ ಯುರೋಪಿನ ಕೆಲವು ದೇಶಗಳಲ್ಲಿ ಸಿಟಕೋಸಿಸ್ ಹೆಚ್ಚಾಗಿ ಐವರು ಸತ್ತ ವರದಿ ಬಂತು. ಅದರಲ್ಲಿ ಕಾಡುಹಕ್ಕಿಗಳ ಪಾತ್ರವೂ ಇತ್ತು. ಮನೆಯಲ್ಲಿ ಹಕ್ಕಿಯಿದ್ದು ಜ್ವರ, ತಲೆನೋವು, ಒಣಕೆಮ್ಮು ಬಂದರೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಈ ರೋಗಕ್ಕೆ ಪೆನಿಸಿಲಿನ್ ಜಾತಿಯ ಔಷಧ ನಾಟುವುದಿಲ್ಲ, ಡಾಕ್ಸಿಸೈಕ್ಲಿನ್ ನಾಟುತ್ತದೆ. ಪಂಜರವನ್ನು ಒಣಗಿಸಿ ಗುಡಿಸಬೇಡಿ, ಒದ್ದೆ ಮಾಡಿ ಒರೆಸಿ. ವರ್ಷಗಟ್ಟಲೆ ಗರಿಯ ಧೂಳು ಉಸಿರಾಡಿ ಕೆಲವರಿಗೆ ಶ್ವಾಸಕೋಶ ಗಟ್ಟಿಯಾಗುವುದೂ ಉಂಟು. ನಡೆದರೆ ಏದುಸಿರು ಬರುವವರು ಅಲಕ್ಷ್ಯ ಮಾಡಬಾರದು.

ಗಿಳಿಯ ಆರೋಗ್ಯಕ್ಕೆ ನಮ್ಮ ಅಡುಗೆಮನೆಯೇ ದೊಡ್ಡ ಅಪಾಯ. ನಾನ್‌ಸ್ಟಿಕ್ ದೋಸೆ ಕಾವಲಿ ಖಾಲಿ ಕಾದು ಹೊಗೆಯಾಡಿದರೆ ಆ ಹೊಗೆ ಗಿಳಿಯನ್ನು ಕೆಲವೇ ನಿಮಿಷದಲ್ಲಿ ಕೊಲ್ಲುತ್ತದೆ. ಹಕ್ಕಿಯ ಶ್ವಾಸಕೋಶ ನಮ್ಮದಕ್ಕಿಂತ ಚುರುಕು. ಗಾಳಿಯ ವಿಷವನ್ನೂ ಅಷ್ಟೇ ಚುರುಕಾಗಿ ಹೀರುತ್ತದೆ. ಒಗ್ಗರಣೆಯ ಘಾಟು, ಊದುಬತ್ತಿಯ ಹೊಗೆ ಕೂಡ ಒಳ್ಳೆಯದಲ್ಲ. ಆವಕಾಡೊ, ಚಾಕೊಲೇಟ್ ವಿಷ. ಹಸಿಮೆಣಸಿನಕಾಯಿ ಧಾರಾಳವಾಗಿ ಕೊಡಿ, ಅದಕ್ಕೆ ಖಾರವೇ ಗೊತ್ತಾಗುವುದಿಲ್ಲ!

ತರಲೇಬೇಕೆಂದಿದ್ದರೆ ಅಂಗಡಿಗೆ ಹೋಗುವ ಮೊದಲು ಅನಾಥ ಗಿಳಿಗಳಿರುವ ಕಡೆ ವಿಚಾರಿಸಿ. ಹಗಲು ಮನೆಯಲ್ಲಿ ಯಾರಿರುತ್ತಾರೆ, ನಿಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ ಎಂಬ ಎರಡು ಪ್ರಶ್ನೆಗೆ ಉತ್ತರ ಬರೆದಿಟ್ಟು ತನ್ನಿ. ಉತ್ತರ ಸಿಗದಿದ್ದರೆ ಗಿಳಿ ನೋಡುವ ಸುಖಕ್ಕೆ ಬೇರೆ ದಾರಿಯೂ ಇದೆ. ಅರ್ಜೆಂಟೀನಾ ಕಡೆಯ ಮಾಂಕ್ ಗಿಳಿಗಳು ಪಂಜರ ತಪ್ಪಿಸಿಕೊಂಡು 1970ರ ದಶಕದಿಂದ ಚಿಕಾಗೋದ ಹೈಡ್ ಪಾರ್ಕಿನಲ್ಲಿ ಕಡ್ಡಿಯ ದೊಡ್ಡ ಗೂಡು ಕಟ್ಟಿ ಹಿಮದಲ್ಲಿಯೂ ಸಂಸಾರ ಮಾಡಿದವು. ಎದುರು ಮನೆಯಲ್ಲಿದ್ದ ಮೇಯರ್ ಹೆರಾಲ್ಡ್ ವಾಷಿಂಗ್ಟನ್ ಅವನ್ನು ಶುಭಶಕುನ ಎನ್ನುತ್ತಿದ್ದರಂತೆ. ಅವರು ಗತಿಸಿದ ಮೇಲೆ, 1988ರಲ್ಲಿ, ಸರ್ಕಾರ ಗೂಡು ತೆಗೆಸಲು ಹೊರಟಾಗ ಊರಿನವರೇ ತಡೆದರು. ಲಂಡನ್ನಿನ ಪಾರ್ಕುಗಳಲ್ಲಿ ಹಾರುವ ಸಾವಿರಾರು ಗಿಳಿಗಳಂತೂ ನಮ್ಮವೇ: ಕೊರಳಲ್ಲಿ ಗುಲಾಬಿ ಉಂಗುರದ, ಊರಿನ ಜೋಳದ ಹೊಲದಲ್ಲಿ ಕವಣೆ ಕಲ್ಲಿಗೆ ಬೆದರಿ ಏಳುವ ಅದೇ ಜಾತಿ. ಯುರೋಪಿನ ಈ ಗಿಳಿಗಳ ಪೂರ್ವಜರು ಹೆಚ್ಚಾಗಿ ಪಾಕಿಸ್ತಾನ ಮತ್ತು ಉತ್ತರ ಭಾರತದ ಕಡೆಯವರೆಂದು 2015ರ ಡಿಎನ್‌ಎ ಪರೀಕ್ಷೆ ಹೇಳಿತು. ಜಿಮಿ ಹೆಂಡ್ರಿಕ್ಸ್ ಬಿಟ್ಟ ಗಿಳಿಗಳ ಸಂತತಿ ಎಂಬುದು ಬರೀ ಕಟ್ಟುಕಥೆ.

ಪಂಜರದಲ್ಲಿ ತಂದ ಹಕ್ಕಿಗಳ ಮೊಮ್ಮಕ್ಕಳು ಅವು. ಯಾರಿಗೂ ನಮಸ್ಕಾರ ಹೇಳುವುದಿಲ್ಲ, ಯಾವ ಇಂಗ್ಲಿಷನ್ನೂ ಕಲಿತಿಲ್ಲ. ಸಂಜೆ ಹಿಂಡಾಗಿ ಕೂಡಿ ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಜಗಳವಾಡುತ್ತ ಮರ ಸೇರುತ್ತವೆ. ಸಾಕುಗಿಳಿ ಬೇಕೇ ಬೇಡವೇ ಎಂದು ತೀರ್ಮಾನಿಸುವ ಮೊದಲು ಮಕ್ಕಳನ್ನು ಒಮ್ಮೆ ಅಂಥ ಮರದ ಕೆಳಗೆ ಕರೆದುಕೊಂಡು ಹೋಗಿ ನಿಲ್ಲಿಸಿ. ಗಿಳಿಗೆ ನಿಜವಾಗಿ ಎಷ್ಟು ಮಾತು ಬರುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.